ಓಟದ ದಾರಿಗೆ ಕುರಿ ತರುಬಿದ ಪಾಲಾಕ್ಷಪ್ಪ

ಪಾಲಾಕ್ಷಪ್ಪ ಸುಣ್ಣದ ಡಬ್ಬಿ ಹಿಡಿದು ಗೆರೆ ಎಳೆಯುವಾಗ ಕಣ್ಣು ಅರ್ಧ ಮುಚ್ಚಿರುತ್ತಿದ್ದ. ಹೀಗೆಂದರೆ ನಂಬದವರು ಇದ್ದಾರೆ. ಅಂಥವರನ್ನು ನಾನು ಸ್ಟುಡಿಯೊ ಒಳಗೆ ಕರೆದು ಫೋಟೊ ತೋರಿಸುತ್ತೇನೆ. ಹಗರಿಬೊಮ್ಮನಹಳ್ಳಿ ಬಸ್‌ ನಿಲ್ದಾಣದ ಎದುರು ಮೂವತ್ತು ವರ್ಷದಿಂದ ಸ್ಟುಡಿಯೊ ಇಟ್ಟುಕೊಂಡಿರುವ ಅರುಣಕುಮಾರ ನಾನೇ. ಮದುವೆ ಗಂಡು ಕಣ್ಣು ಮಿಟುಕಿಸಿದರೆ ಬೈದು ಇನ್ನೊಂದು ಸಲ ತೆಗೆಯುವವನು. ಪಾಲಾಕ್ಷಪ್ಪನನ್ನು ಎಷ್ಟು ಸಲ ತೆಗೆದರೂ ಅವನ ಕಣ್ಣು ಪೂರ್ತಿ ತೆರೆದದ್ದು ನನಗೆ ಸಿಗಲಿಲ್ಲ. ಆದರೆ ಅವನು ಎಳೆದ ಗೆರೆ ಒಂದು ಬೆರಳಿನಷ್ಟೂ ಸೊಟ್ಟಗಾದದ್ದನ್ನು ನಾನು ಕಂಡಿಲ್ಲ.

"ಕಣ್ಣು ಬಿಟ್ಟು ನಡೀಲೇ, ಬಿದ್ದುಗಿದ್ದಿ" ಎಂದು ನಾನು ಬೇಲಿಯ ಆಚೆಯಿಂದ ಕೂಗುತ್ತಿದ್ದೆ.

"ಕಣ್ಣು ಬಿಟ್ರ ಬರೇ ಕಲ್ಲು ಕಾಣ್ತಾವ್ರಿ. ದಾರಿ ಕಾಣಂಗಿಲ್ಲ" ಅನ್ನುತ್ತಿದ್ದ.

ಅವನು ನಮ್ಮೂರ ಮೈದಾನದ ಕಾವಲುಗಾರ. ಹೆಸರಿಗೆ ಕಾವಲುಗಾರ, ಅಷ್ಟೇ. ಕಸ ಹೊಡೆಯುವುದು, ಒಳಗೆ ನುಗ್ಗಿದ ದನ ಓಡಿಸುವುದು, ಗೆರೆ ಎಳೆಯುವುದು, ಸೋತು ಅಳುವ ಮಕ್ಕಳಿಗೆ ನೀರು ಕುಡಿಸುವುದು ಎಲ್ಲವೂ ಅವನ ಪಾಲಿಗೇ ಬರುತ್ತಿತ್ತು. ಹುಟ್ಟಿದ್ದು ಕುರಿ ಸಾಕುವವರ ಮನೆಯಲ್ಲಿ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಚಿಕ್ಕಪ್ಪ ಸುಂಕಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಹಿಂಡಿನ ಜೊತೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಊರೂರು ಸುತ್ತುತ್ತ ದೊಡ್ಡವನನ್ನಾಗಿ ಮಾಡಿದ್ದ. ಇಪ್ಪತ್ತೆರಡನೇ ವಯಸ್ಸಿಗೆ ಪಾಲಾಕ್ಷಪ್ಪ ಹಿಂಡು ಬಿಟ್ಟು ಮೈದಾನದ ದಿನಗೂಲಿಗೆ ಸೇರಿಕೊಂಡ. ಯಾಕೆ ಎಂದು ಯಾರು ಕೇಳಿದರೂ ಒಂದೇ ಉತ್ತರ ಕೊಡುತ್ತಿದ್ದ.

"ಕುರಿ ಹೊಡಕೊಂಡು ಇಲ್ಲೇ ಬಾಜು ಹೊಂಟಿದ್ದೆರಿ. ಮಕ್ಕಳು ಓಡ್ತಿದ್ವು. ಎಲ್ಲಿಗೂ ಹೋಗಂಗಿಲ್ಲ, ಹೊಂಟಲ್ಲಿಗೇ ಮತ್ತ ಬರ್ತಾವ. ಆದ್ರೂ ಏನ್ ಖುಷಿರೀ ಅವಕ್ಕ! ನೋಡ್ಕೊಂತ ನಿಂತ್ಬಿಟ್ಟೆ. ಕುರಿ ಮುಂದ ಹೋದ್ವು."

ಹಾಗೆ ನಿಂತವನು ಇಪ್ಪತ್ತೈದು ವರ್ಷ ಅಲ್ಲೇ ನಿಂತ. ಸುಂಕಪ್ಪ ಬೈಯಲಿಲ್ಲ, ವಾಪಸ್ ಬಾ ಎಂದು ಕರೆಯಲೂ ಇಲ್ಲ. ವರ್ಷಕ್ಕೊಮ್ಮೆ ಹಿಂಡು ಈ ಕಡೆ ಬಂದಾಗ ಗೇಟಿನ ಹೊರಗೆ ನಿಂತು, ಮಗನಂಥವನ ಮುಖ ನೋಡಿ, ಎರಡು ಮಾತಾಡಿ ಹೋಗುತ್ತಿದ್ದ. ಒಳಗೆ ಬಾ ಎಂದರೆ, "ನಮಗೇನೈತಿ ಅಲ್ಲಿ ಕೆಲಸ" ಎಂದು ನಗುತ್ತಿದ್ದ.

ಬೆಳಿಗ್ಗೆ ಚಹಾದಂಗಡಿಯಲ್ಲಿ ಪಾಲಾಕ್ಷಪ್ಪ ತನ್ನ ಕನಸುಗಳನ್ನು ಹೇಳುತ್ತಿದ್ದ. ಕೇಳುವವರು ಇದ್ದಾರೋ ಇಲ್ಲವೋ ಎಂಬ ಗೊಡವೆ ಅವನಿಗಿರಲಿಲ್ಲ. ಒಂದು ದಿನ ಟ್ರ್ಯಾಕು ನೆಲ ಬಿಟ್ಟು ಎದ್ದು ರೈಲು ನಿಲ್ದಾಣದ ಮೇಲಿಂದ ಹೋಯಿತಂತೆ. ಇನ್ನೊಂದು ದಿನ ಅವನ ಸುಣ್ಣದ ಗೆರೆಯ ಒಳಗೆ ಸಾವಿರ ಕುರಿ ಓಡುತ್ತಿದ್ದವಂತೆ, ಒಂದೂ ಗೆರೆ ದಾಟಲಿಲ್ಲವಂತೆ, ಎಲ್ಲಕ್ಕೂ ಮೊದಲನೇ ಬಹುಮಾನವಂತೆ. "ಅಷ್ಟು ಕುರಿಗೆ ಎಲ್ಲಿಂದ ತರ್ತೀಯೋ ಮೆಡಲು?" ಎಂದು ನಾನು ಕೆಣಕಿದರೆ, "ಕನಸಿನ್ಯಾಗ ಅದಕ್ಕೇನ್ ಕಮ್ಮಿರೀ" ಎಂದು ಗಂಭೀರವಾಗಿ ಹೇಳುತ್ತಿದ್ದ. ಅವನ ಹೆಂಡತಿ ಗಾದೆಮ್ಮ ಗೇಟಿನ ಹತ್ತಿರ ಶೇಂಗಾ ಹುರಿದು ಮಾರುತ್ತಿದ್ದಳು. "ಮನ್ಯಾಗ ಎಣ್ಣಿ ಇಲ್ಲ ಅನ್ನೋದು ಇವರ ಕನಸಿನ್ಯಾಗ ಒಂದಿನಾನೂ ಬರಂಗಿಲ್ಲ ನೋಡ್ರಿ" ಎಂದು ನನಗೆ ದೂರುತ್ತಿದ್ದಳು, ದೂರುತ್ತಲೇ ಅವನಿಗೆ ಒಂದು ಹಿಡಿ ಬಿಸಿ ಶೇಂಗಾ ಕೊಡುತ್ತಿದ್ದಳು.

ಕನಸಿನ ಟ್ರ್ಯಾಕಿಗೂ ನೆಲದ ಮೇಲಿನದಕ್ಕೂ ಸಂಬಂಧವೇ ಇರಲಿಲ್ಲ. ನಾನೂರು ಮೀಟರಿನ ಆ ದಾರಿಯನ್ನು ಯಾವ ಕಾಲದಲ್ಲೋ ಮಾಡಿ ಮರೆತಿದ್ದರು. ಮೂಡಲ ತಿರುವಿನಲ್ಲಿ ಮಳೆನೀರು ಕೊರೆದ ಹಳ್ಳ. ಪಡುವಣದಲ್ಲಿ ಮಣ್ಣೆಲ್ಲ ಕೊಚ್ಚಿಹೋಗಿ ಎದ್ದು ನಿಂತ ಚೂಪುಗಲ್ಲು. ನಮ್ಮ ಕಡೆಯ ಮಕ್ಕಳಿಗೆ ಬೂಟು ಎಲ್ಲಿಂದ ಬರಬೇಕು? ಬರಿಗಾಲಲ್ಲಿ ಓಡಿ, ಗೆದ್ದವರೂ ಸೋತವರೂ ಒಟ್ಟಿಗೆ ಕುಂಟುತ್ತ ಬಂದು ಗಾದೆಮ್ಮನ ಹತ್ತಿರ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದರು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಆ ಟ್ರ್ಯಾಕಿಗೆ ಒಂದು ಯೋಗ ಬಂತು. ಡಿಸೆಂಬರ್‌ ಒಳಗೆ ದಾರಿ ಸರಿಮಾಡಿಕೊಂಡರೆ ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟ ನಿಮ್ಮಲ್ಲೇ ಎಂದು ಶಿಕ್ಷಣ ಇಲಾಖೆಯವರು ಹೇಳಿಕಳಿಸಿದರು. ದುಡ್ಡು ಮಾತ್ರ ನೀವೇ ಹೊಂದಿಸಿಕೊಳ್ಳಿ ಎಂದರು. ಊರವರು ಸೇರಿ ಕಮಿಟಿ ಮಾಡಿದೆವು. ಎಣ್ಣೆ ಗಾಣದ ಗುರುಸಂಗಪ್ಪ ಅಧ್ಯಕ್ಷ. ದೊಡ್ಡ ದನಿ, ದೊಡ್ಡ ಹೊಟ್ಟೆ, ದೊಡ್ಡ ಸಿಟ್ಟು. ಕೊಡುವ ಕೈಯೂ ದೊಡ್ಡದೇ ಎನ್ನಬೇಕು. ಹೈಸ್ಕೂಲಿನ ವ್ಯಾಯಾಮ ಶಿಕ್ಷಕಿ ಸುಮಲತಾ ನಮ್ಮ ಪೈಕಿ ಓಟದ ಬಗ್ಗೆ ತಿಳಿದಿದ್ದ ಒಬ್ಬರೇ ಒಬ್ಬರು. ಪುಗಸಟ್ಟೆ ಫೋಟೊ ತೆಗೆಯಲಿ ಎಂದು ನನ್ನನ್ನೂ ಸೇರಿಸಿಕೊಂಡರು.

ಗುರುಸಂಗಪ್ಪ ಹೆಗಲಿಗೆ ಕಾವಿ ಜೋಳಿಗೆ ಹಾಕಿಕೊಂಡು ಹೊರಟ. ರಸೀದಿ ಪುಸ್ತಕ ಹಿಡಿದು ಹೋದರೆ ಬಾಗಿಲು ಹಾಕಿಕೊಳ್ಳುವ ಜನ ಜೋಳಿಗೆ ಕಂಡರೆ ಸುಮ್ಮನಿರಲಾರರು ಎಂಬುದು ಅವನ ಲೆಕ್ಕಾಚಾರ. ಅದು ನಿಜವೂ ಆಯಿತು. ನೋಟು ಬಿತ್ತು, ಚಿಲ್ಲರೆ ಬಿತ್ತು, ಒಬ್ಬಾಕೆ ಮೊರದಲ್ಲಿ ಜೋಳ ತಂದು ಸುರಿದಳು. ಟ್ರ್ಯಾಕ್ಟರ್‌ ಇದ್ದವರು ಗುಡ್ಡದ ಹರಳುಮಣ್ಣು, ಅದೇ ಕೆಂಪು ಗರಸು, ತಂದು ಹಾಕುವುದಾಗಿ ಒಪ್ಪಿಕೊಂಡರು. ಆಗಸ್ಟ್‌ ಮುಗಿಯುವಷ್ಟರಲ್ಲಿ ಹಳ್ಳ ತುಂಬಿ, ಕಲ್ಲು ಮುಚ್ಚಿ, ಗರಸು ಹರಡಿ ರೋಲರು ಹೊಡೆಸಿದ್ದಾಯಿತು. ಸಂಜೆಯ ಬಿಸಿಲು ಬಿದ್ದಾಗ ಆ ಕೆಂಪು ದಾರಿ ನೋಡಿ ಪಾಲಾಕ್ಷಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನಲ್ಲೇ ಕೂತ.

"ಊರೆಲ್ಲ ಕೊಟ್ಟಾತು. ನಿಮ್ಮೋರು ಏನೂ ಕೊಡಂಗಿಲ್ಲೇನೋ ಪಾಲಾಕ್ಷಾ?" ಎಂದು ಗುರುಸಂಗಪ್ಪ ಒಂದು ದಿನ ಚೇಷ್ಟೆಗೆ ಅಂದ.

ಚೇಷ್ಟೆ ಎಂದು ನಮಗೆ ಗೊತ್ತು. ಪಾಲಾಕ್ಷಪ್ಪನಿಗೆ ಅದು ಎದೆಗೆ ಹತ್ತಿತು. ಊರು ಅವನವರನ್ನು ಕೇಳಿದ್ದು ಅದೇ ಮೊದಲು. ಮರುದಿನವೇ ಬಸ್ಸು ಹತ್ತಿ, ಇಟ್ಟಿಗಿಯ ಕಡೆ ಬೀಡುಬಿಟ್ಟಿದ್ದ ಚಿಕ್ಕಪ್ಪನ ಹಿಂಡು ಹುಡುಕಿಕೊಂಡು ಹೋದ. ಎರಡು ದಿನ ಬಿಟ್ಟು ಬಂದವನು ಕಮಿಟಿಯ ಮುಂದೆ ಕೈಕಟ್ಟಿ ನಿಂತು, "ದುಡ್ಡಿಲ್ಲ ಅಂದ್ರುರಿ ಚಿಕ್ಕಪ್ಪ. ಕುರಿ ತರುಬ್ತೀವಿ ಅಂದ್ರು. ಐದು ದಿನ, ಮೂರು ಹಿಂಡು" ಎಂದ.

ಕುರಿ ತರುಬುವುದು ಅಂದರೆ ನಮ್ಮ ಸೀಮೆಯ ರೈತರಿಗೆ ಬಾಯಲ್ಲಿ ನೀರೂರುವ ಮಾತು. ರಾತ್ರಿ ಹೊಲದಲ್ಲಿ ಹಿಂಡನ್ನು ಕೂಡಿಹಾಕಿದರೆ ಹಿಕ್ಕೆ ಗಂಜಳ ಬಿದ್ದು ಎರಡು ವರ್ಷ ಬೇರೆ ಗೊಬ್ಬರ ಬೇಡ. ಅದಕ್ಕೆ ದುಡ್ಡು, ಕಾಳು, ಊಟ ಎಲ್ಲ ಕೊಟ್ಟು ಮೊದಲೇ ಮಾತಾಡಿ ಇಡಬೇಕು.

"ಮೂರು ಹಿಂಡಾ?" ಗುರುಸಂಗಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಲೇ, ನನ್ನ ಹೊಲಕ್ಕ ಹೋದ ವರ್ಷ ಕಾಲು ಹಿಡದ್ರೂ ಬರ್ಲಿಲ್ಲ ಅವರು! ಪುಕ್ಕಟೆ ಬರ್ತಾರಾ? ಕರಸು, ಕರಸು!"

ನಾವು ಎಂಟು ಜನ ಇದ್ದೆವು. ಎಂಟು ಜನರೂ ಚಪ್ಪಾಳೆ ತಟ್ಟಿದೆವು. ಓಟದ ದಾರಿಗೆ ಗೊಬ್ಬರ ಯಾಕೆ ಎಂದು ಒಬ್ಬನೂ ಕೇಳಲಿಲ್ಲ. ಅಂಗಡಿ ಇಟ್ಟರೇನು, ಗಾಣ ಹಾಕಿದರೇನು, ಹೊಲದ ಬುದ್ಧಿ ನಮ್ಮ ತಲೆಯಿಂದ ಹೋಗಿರಲಿಲ್ಲ. ಕೇಳಬಹುದಾಗಿದ್ದ ಸುಮಲತಾ ಟೀಚರು ಆಗ ಎರಡು ತಿಂಗಳ ತರಬೇತಿಗೆಂದು ಪರವೂರಿಗೆ ಹೋಗಿದ್ದರು. ನನ್ನನ್ನು ನಾನು ಈಗಲೂ ಬೈದುಕೊಳ್ಳುತ್ತೇನೆ.

ಹಿಂಡು ಬಂದ ಮರುದಿನ ಬೆಳಿಗ್ಗೆ ನಾನು ಕ್ಯಾಮೆರಾ ತೆಗೆದುಕೊಂಡು ಹೋಗಿದ್ದೆ. ತೆಳ್ಳಗೆ ಮಂಜು. ಗೇಟಿನಿಂದ ನೋಡಿದರೆ ಗರಸು ಕಾಣುತ್ತಲೇ ಇರಲಿಲ್ಲ. ದಾರಿಯ ಉದ್ದಕ್ಕೂ, ಎರಡೂ ತಿರುವು ತುಂಬಿ, ಕರಿ ಕಂದು ಬಿಳಿ ಕುರಿಗಳು ಮೈಗೆ ಮೈ ಹಚ್ಚಿ ಮಲಗಿದ್ದವು. ಅವುಗಳ ಉಸಿರು ಹೊಗೆಯಾಗಿ ಮೇಲೇಳುತ್ತಿತ್ತು. ಸುತ್ತಲೂ ಬಲೆ ಕಟ್ಟಿದ್ದರು. ಅದರ ಆಚೆ ಕಂಬಳಿ ಹೊದ್ದು ಸುಂಕಪ್ಪ ಕೂತಿದ್ದ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಗೇಟು ದಾಟಿ. ಎಲ್ಲೋ ಒಂದು ಮರಿ ಕೂಗಿತು, ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು, ಮತ್ತೆ ಎಲ್ಲ ಸುಮ್ಮನಾಯಿತು.

"ನೋಡಿದ್ರಾ?" ಪಾಲಾಕ್ಷಪ್ಪ ಪಿಸುಗುಟ್ಟಿದ. "ನಾ ಹೇಳಿದ್ದು ಸುಳ್ಳಾ?"

ಅವನು ಕನಸಲ್ಲಿ ಕಂಡ ಕುರಿಗಳು ಇವೇ ಎಂದು ಅವನ ನಂಬಿಕೆ. ಇವು ಓಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನಾನು ಒಂದು ರೀಲು ಪೂರ್ತಿ ಖರ್ಚು ಮಾಡಿದೆ. ಗೇಟಿನ ಬಳಿ ದಾನಿಗಳ ಹೆಸರು ಬರೆಸಿದ್ದ ಹಲಗೆ ಇತ್ತು. ಅದರ ಕೊನೆಗೆ ನಾನೇ ಬಣ್ಣ ಹಿಡಿದು, 'ಸುಂಕಪ್ಪ ಮತ್ತು ಸಂಗಡಿಗರು, ಐದು ದಿನ ಕುರಿ ತರುಬಿದ್ದು' ಎಂದು ಬರೆದೆ. ಪಾಲಾಕ್ಷಪ್ಪನಿಗೆ ಓದಲು ಬರುತ್ತಿರಲಿಲ್ಲ. ಆ ಸಾಲು ಯಾವುದು ಎಂದು ತೋರಿಸಿಕೊಂಡು, ಒಣಗುವವರೆಗೆ ಕಾದು, ಒಂದೊಂದೇ ಅಕ್ಷರ ಮುಟ್ಟಿ ನೋಡಿದ.

ಆಮೇಲೆ ಮಳೆ ಹಿಡಿಯಿತು. ಆ ವರ್ಷದ ಹಿಂಗಾರು ಚೆನ್ನಾಗಿತ್ತು, ಹದವಾಗಿ ಬಂದು ಹದವಾಗಿ ಬಿಟ್ಟಿತು. ಬೆಳೆಗೆ ಒಳ್ಳೆಯದೆಂದು ಊರೆಲ್ಲ ಖುಷಿಯಾಗಿತ್ತು, ಮೈದಾನದ ಕಡೆ ಯಾರೂ ಹೋಗಲಿಲ್ಲ. ಪಾಲಾಕ್ಷಪ್ಪ ಮಾತ್ರ ದಿನಾ ನೋಡುತ್ತಿದ್ದ. ಮೊದಲು ಕೆಂಪಿನ ಮೇಲೆ ಒಂದು ಹಸಿರು ನೆರಳು ಬಿದ್ದಂತಾಯಿತಂತೆ. ಅದೂ ಕನಸಿನದೇ ಇರಬಹುದೆಂದು ಅವನು ಯಾರಿಗೂ ಹೇಳಲಿಲ್ಲ. ನವೆಂಬರ್‌ನಲ್ಲಿ ಸುಮಲತಾ ಟೀಚರು ತರಬೇತಿ ಮುಗಿಸಿ ಬಂದವರು ಬ್ಯಾಗು ಮನೆಯಲ್ಲೂ ಇಡದೆ ನೇರ ಮೈದಾನಕ್ಕೆ ಹೋದರು. ಅಲ್ಲಿಂದ ಓಡುತ್ತಲೇ ನನ್ನ ಸ್ಟುಡಿಯೊಗೆ ಬಂದರು.

"ಏನ್ ಬಿತ್ತೀರಿ ಅಲ್ಲಿ?" ಅಂದರು. ಅವರಿಗೆ ಅಳು ಬಂದಿತ್ತು.

ಕಮಿಟಿಯವರೆಲ್ಲ ಹೋಗಿ ನೋಡಿದೆವು. ದಾರಿಯ ತುಂಬ ಗರಿಕೆ ಹಬ್ಬಿತ್ತು. ಒಳಗೆ ಬಯಲು, ಹೊರಗೆ ಬಯಲು, ನಡುವೆ ಮಾತ್ರ ಪಾಲಾಕ್ಷಪ್ಪನ ಗೆರೆ ಇದ್ದಲ್ಲೆಲ್ಲ ದಟ್ಟ ಹಸಿರು ಸುತ್ತುಹಾಕಿಕೊಂಡಿತ್ತು. ನೋಡಲು ಬಹಳ ಚೆಂದ, ಅದನ್ನು ಹೇಳದಿದ್ದರೆ ತಪ್ಪಾದೀತು. ಆದರೆ ಬಗ್ಗಿ ನೋಡಿದರೆ ಗರಿಕೆಯ ನಡುವೆ ನೆಗ್ಗಿಲು ಇತ್ತು. ನೆಲಕ್ಕೆ ಅಂಟಿ ಹರಡಿ, ಹಳದಿ ಹೂ ಬಿಟ್ಟು, ಆಗಲೇ ಕಾಯಾಗಿತ್ತು. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಕುರಿಯ ಉಣ್ಣೆಗೆ ಅಂಟಿಕೊಂಡು ಬಂದ ಬೀಜ ಅದು.

ಕ್ರೀಡಾಕೂಟಕ್ಕೆ ಉಳಿದಿದ್ದು ಇಪ್ಪತ್ತನಾಲ್ಕು ದಿನ.

ಗುರುಸಂಗಪ್ಪನಿಗೆ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆಂದು ಕಾಣುವುದಿಲ್ಲ. ಎಂಟೂ ಜನ ಚಪ್ಪಾಳೆ ತಟ್ಟಿದ್ದು ಅವನಿಗೆ ಆಗಲೇ ಮರೆತುಹೋಗಿತ್ತು. "ಕುರಿ ಕಾಯೋರಿಗೇನು ಗೊತ್ತಿರ್ತೈತಿ ಟ್ರ್ಯಾಕಿನ ಕಿಮ್ಮತ್ತು! ಊರು ಕೊಟ್ಟ ಗರಸು ಹೊಲಸೆಬ್ಬಿಸಿ ಹೋದ್ರು. ಕೇಳಿದ್ದೇ ತಪ್ಪಾತು ಅವರನ್ನ" ಎಂದು ಕೂಗಾಡಿದ. ಪಾಲಾಕ್ಷಪ್ಪ ಅವನಿಂದ ಮಾರು ದೂರದಲ್ಲಿ ನಿಂತಿದ್ದ.

"ಅವರಾಗಿ ಬರ್ಲಿಲ್ರಿ. ನಾ ಹೋಗಿ ಕೇಳಿದ್ದು" ಎಂದ, ಮೆಲ್ಲಗೆ.

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮರುದಿನ ಹಲಗೆಯ ಮೇಲಿನ ಕೊನೆಯ ಸಾಲಿಗೆ ಯಾರೋ ಬಿಳಿ ಬಣ್ಣ ಬಳಿದಿದ್ದರು. ಯಾರ ಮಾತಿಗೆ ಬಳಿದರೆಂದು ಎಲ್ಲರಿಗೂ ಗೊತ್ತಿತ್ತು.

ಅವತ್ತಿನಿಂದ ಪಾಲಾಕ್ಷಪ್ಪ ಚಹಾದಂಗಡಿಗೆ ಬರುವುದನ್ನು ಬಿಟ್ಟ. ಕನಸು ಬೀಳುವುದೂ ನಿಂತಿದೆ ಎಂದು ಗಾದೆಮ್ಮ ಹೇಳಿದಳು. "ಟ್ರ್ಯಾಕ್ ಹೋದ್ರ ಹೋಗ್ಲಿ ಅಂತಾರ್ರಿ. ಚಿಕ್ಕಪ್ಪಗ ಏನ್ ಹೇಳ್ಲಿ ಅಂತ ಅದೊಂದೇ. ಕ್ರೀಡಾಕೂಟಕ್ಕ ಬಾ ಅಂತ ಕರದು ಬಂದಾರ. ಆ ಮುದುಕ ಬರ್ತಾನ. ಬಂದು ನಮ್ಮ ಹೆಸರು ಎಲ್ಲೈತಿ ಅಂದ್ರ?" ಅವಳು ಹುರಿಯುತ್ತಿದ್ದ ಶೇಂಗಾ ಸೀದುಹೋಯಿತು, ಅವಳು ನೋಡಲಿಲ್ಲ.

ಅವನ ಸಂಕಟ ನನಗೆ ಆಗ ತಿಳಿಯಿತು. ಹಿಂಡು ಬಿಟ್ಟು ಬಂದವನು ತನ್ನವರಿಂದ ಇಪ್ಪತ್ತೈದು ವರ್ಷ ಏನೂ ಕೇಳಿರಲಿಲ್ಲ. ಒಂದೇ ಒಂದು ಸಲ ಕೇಳಿದ. ಅವರು ತಮ್ಮ ಹತ್ತಿರ ಇದ್ದುದರಲ್ಲಿ ಅತ್ಯಂತ ಬೆಲೆಬಾಳುವುದನ್ನು ತಂದು ಕೊಟ್ಟರು. ಊರು ಅದನ್ನು ಹೊಲಸು ಎಂದಿತು. ಇದನ್ನು ಸುಂಕಪ್ಪನ ಕಿವಿಗೆ ಬೀಳದಂತೆ ಮಾಡುವುದು ಹೇಗೆ ಎಂಬುದು ಒಂದೇ ಅವನ ತಲೆಯಲ್ಲಿದ್ದದ್ದು.

ಅವನು ಕಂಡುಕೊಂಡ ದಾರಿ ಅವನಿಗೇ ತಕ್ಕುದಾಗಿತ್ತು. ಕಳೆ ತೆಗೆಯುವ ಕುರ್ಪಿ ಹಿಡಿದು ಒಬ್ಬನೇ ನೆಗ್ಗಿಲು ಕೀಳಲು ಕೂತ. ಬಳ್ಳಿ ಕಿತ್ತರೂ ಕಾಯಿ ಗರಿಕೆಯ ಬುಡದಲ್ಲಿ ಉದುರಿ ಉಳಿಯುತ್ತಿತ್ತು. ಆದ್ದರಿಂದ ಕಿತ್ತಷ್ಟು ಜಾಗದ ಮೇಲೆ ಚಪ್ಪಲಿ ಬಿಚ್ಚಿ, ಪಾದ ಒತ್ತಿ ಒತ್ತಿ ನಡೆಯುತ್ತಿದ್ದ. ಚುಚ್ಚಿದಲ್ಲಿ ನಿಂತು, ತೆಗೆದು, ಡಬ್ಬಿಗೆ ಹಾಕಿ ಮತ್ತೆ ನಡೆಯುತ್ತಿದ್ದ.

"ಹುಚ್ಚು ಹಿಡಿದೈತೇನೋ ನಿನಗ?" ಎಂದು ನಾನು ಗದರಿದೆ.

"ಕಣ್ಣಿಗೆ ಕಾಣಂಗಿಲ್ಲರಿ. ಕಾಲಿಗೆ ಗೊತ್ತಾಗ್ತೈತಿ" ಎಂದ.

ನಾಲ್ಕು ದಿನಕ್ಕೆ ಒಂದು ಲೇನಿನ ಅರ್ಧ ಮುಗಿದಿತ್ತು. ಇದ್ದದ್ದು ಆರು ಲೇನು. ಸುಮಲತಾ ಟೀಚರು ಬಂದು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ಪಾಲಾಕ್ಷಣ್ಣ, ನಾ ವಿಚಾರ ಮಾಡೀನಿ. ಹುಲ್ಲಿನ ಟ್ರ್ಯಾಕೂ ಇರ್ತಾವ. ಶಿಬಿರದಾಗ ನಾನೇ ಓಡೀನಿ. ಹುಲ್ಲು ಸಣ್ಣಗ, ಸಮ ಇರಬೇಕು, ಅಷ್ಟ. ಮುಳ್ಳು ಒಂದೂ ಇರಬಾರ್ದು. ನಿಮ್ಮ ಒಬ್ಬರ ಕೈಲೆ ಆಗಂಗಿಲ್ಲ ಇದು. ನಿಮ್ಮೋರನ್ನ ಕರೀರಿ. ಮೇಯ್ಸಾಕ ಕುರೀನೂ ಬೇಕು" ಅಂದರು.

ಅವನು ತಲೆ ಅಲ್ಲಾಡಿಸಿದ. ಕರೆಯಬೇಕಾದರೆ ಎಲ್ಲ ಹೇಳಬೇಕು. ಹೇಳುವುದಕ್ಕಿಂತ ಆರೂ ಲೇನು ಒಬ್ಬನೇ ಕೀಳುವುದು ಅವನಿಗೆ ಸುಲಭವಾಗಿ ಕಂಡಿತು. ನಾನು ಅವನ ರಟ್ಟೆ ಹಿಡಿದು ಎಬ್ಬಿಸಿ ನನ್ನ ಎಂ-ಎಯ್ಟಿ ಗಾಡಿಯ ಹಿಂದೆ ಕೂರಿಸಿದೆ. ಅವತ್ತು ಗುರುಸಂಗಪ್ಪನ ಎದುರು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಷ್ಟಾದರೂ ಮಾಡಬೇಕಿತ್ತು.

ಹಿಂಡು ಕೊಟ್ಟೂರಿನ ಕಡೆ ಹೋಗಿತ್ತು. ದಾರಿಯ ಎರಡೂ ಕಡೆ ಜೋಳ ತೆನೆ ಹೊತ್ತು ನಿಂತಿತ್ತು, ಸೂರ್ಯಕಾಂತಿಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದವು, ಗಾಳಿಯಲ್ಲಿ ಹಸಿ ಮಣ್ಣಿನ ವಾಸನೆ ಇತ್ತು. ಈ ದಾರಿ ಮುಗಿಯದೆ ಹೀಗೇ ಹೋಗುತ್ತಿದ್ದರೆ ಸಾಕು ಎಂದು ನನಗೇ ಅನ್ನಿಸಿತು. ಹಿಂದೆ ಕೂತವನಿಗೆ ಏನನ್ನಿಸಿತೋ.

ಸುಂಕಪ್ಪ ಒಂದು ಬೇವಿನ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದ. ಹೆಂಡತಿ ಮಾಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಪಾಲಾಕ್ಷಪ್ಪ ಕೂರಲಿಲ್ಲ. ನಿಂತೇ ಎಲ್ಲ ಹೇಳಿಬಿಟ್ಟ.

"ಚಿಕ್ಕಪ್ಪ, ಟ್ರ್ಯಾಕಿನ ತುಂಬ ಹುಲ್ಲು ಬಂದೈತಿ. ನೆಗ್ಗಿಲು ಬಂದೈತಿ. ಊರಾಗ ನಮ್ಮೋರನ್ನ ಬೈತಾರ. ಹಲಗಿ ಮ್ಯಾಲ ನಿನ್ನ ಹೆಸರು ಬರದಿದ್ರು, ಅಳಿಸ್ಯಾರ. ನನ್ನಿಂದ ಆತು ಇದೆಲ್ಲ."

ಮುದುಕನ ಕೈ ಹಗ್ಗದ ಮೇಲೆ ನಿಂತಿತು.

"ಹುಲ್ಲು ಚಲೋ ಬಂದೈತೇನು?"

"ಬಂದೈತಿ."

"ಯಾವುದು? ಗರಿಕಿನಾ?"

"ಗರಿಕಿ."

ಸುಂಕಪ್ಪ ಹೆಂಡತಿಯ ಕಡೆ ತಿರುಗಿದ. "ಕೇಳಿದೇನ? ಗರಿಕಿ ಬಂದೈತಂತ" ಎಂದ. ಅವನ ಮುಖದ ತುಂಬ ನಗೆ. ನಮಗಿಬ್ಬರಿಗೂ ಏನೂ ಅರ್ಥವಾಗಲಿಲ್ಲ.

"ಹಂಗ್ಯಾಕ ನೋಡ್ತಿಯೋ? ಹುಲ್ಲು ಬರ್ಲಿ ಅಂತಾನ ತರುಬಿದ್ದು. ಅವತ್ತು ಬಂದು ಏನಂದಿ ನೀನು? ಮಕ್ಕಳು ಬರಿಗಾಲಾಗ ಓಡ್ತಾವ, ಅಂಗಾಲು ಹರದು ರಕ್ತ ಬರ್ತೈತಿ, ಈಗ ಮ್ಯಾಲ ಗರಸು ಹಾಕ್ಯಾರ ಅಂದಿ. ಗರಸಿನ ಮ್ಯಾಲ ಬರಿಗಾಲಾಗ ನಡದೋರು ನಾವು. ಅದು ಹೆಂಗಿರ್ತೈತಿ ಅಂತ ಚಪ್ಲಿ ಹಾಕ್ಕೊಂಡೋರಿಗೆ ಏನ್ ಗೊತ್ತು? ಮಕ್ಕಳ ಕಾಲಿಗೆ ಮೆತ್ತಗ ಆಗ್ಲಿ ಅಂದ್ಲು ಇಕಿ. ಆಗ್ಲಿ ಅಂದೆ, ಹಿಂಡು ಹೊಡಕೊಂಡು ಬಂದೆ."

ನಾನು ನನ್ನ ಚಪ್ಪಲಿ ನೋಡಿಕೊಂಡೆ. ಎಂಟು ಜನ ಕಮಿಟಿಯವರು ಮೂರು ತಿಂಗಳು ಗರಸು, ರೋಲರು, ಜೋಳಿಗೆ ಎಂದು ಓಡಾಡಿದ್ದೆವು. ಓಡುವವರ ಪಾದದ ಬಗ್ಗೆ ಯೋಚನೆ ಮಾಡಿದ್ದು ಇವರು. ನಮಗೆ ಗೊಬ್ಬರದ ಆ‌ಸೆ, ಇವರಿಗೆ ಹುಲ್ಲಿನ ಆ‌ಸೆ. ತಪ್ಪು ಮಾಡಿದ್ದು ನಾವೇ, ಅದು ಹೇಗೋ ಸರಿಯಾಗಿತ್ತು.

"ನೆಗ್ಗಿಲು ಮಾತ್ರ ನಮ್ಮ ತಪ್ಪು" ಎಂದ ಸುಂಕಪ್ಪ, ನಗು ನಿಲ್ಲಿಸಿ. "ಉಣ್ಣಿಗೆ ಹತ್ತಿತ್ತು. ನೋಡಬೇಕಾಗಿತ್ತು ನಾನು, ನೋಡ್ಲಿಲ್ಲ. ಅದನ್ನ ನಾವೇ ತಗೀತೀವಿ. ನಾಳೆ ಬರ್ತೀವಿ. ಈಗ ಕುಂತು ರೊಟ್ಟಿ ತಿನ್ನು."

ಪಾಲಾಕ್ಷಪ್ಪ ಕೂತ. ರೊಟ್ಟಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಅತ್ತ. ಮಾಳಮ್ಮ ಅವನ ತಲೆಯ ಮೇಲೆ ಕೈ ಇಟ್ಟು, ಇನ್ನೊಂದು ಕೈಯಲ್ಲಿ ಒಲೆಯ ಮೇಲಿನ ರೊಟ್ಟಿ ತಿರುವಿದಳು.

ಮಾತು ಕೊಟ್ಟಂತೆ ಬಂದರು. ಗಂಡಸರು ಹೆಂಗಸರು ಸೇರಿ ಮೂವತ್ತು ಜನ. ಸಾಲಾಗಿ ಕೂತು, ದಾರಿಯ ಅಡ್ಡಕ್ಕೆ ಒಬ್ಬರ ಭುಜಕ್ಕೆ ಒಬ್ಬರು ತಾಗಿಕೊಂಡು, ಹಾಡು ಹೇಳುತ್ತ ಮುಂದೆ ಮುಂದೆ ಜರುಗುತ್ತಿದ್ದರು. ಅವರು ಕಿತ್ತು ಮುಗಿಸಿದ ಕಡೆ ಪಾಲಾಕ್ಷಪ್ಪ ಬರಿಗಾಲಲ್ಲಿ ನಡೆಯುತ್ತಿದ್ದ. ಬೇಡ ಎಂದರೂ ಕೇಳಲಿಲ್ಲ. ಹಸಿರು ದಾರಿಯ ಮೇಲೆ ಬಣ್ಣ ಬಣ್ಣದ ಸೀರೆಗಳ ಸಾಲು ಒಂದು ಸುತ್ತು ಬರಲು ಎರಡು ವಾರ ಹಿಡಿಯಿತು. ಊರಿನ ಹೆಂಗಸರು ಮೊದಲು ಬೇಲಿಯ ಹೊರಗೆ ನಿಂತು ನೋಡಿದರು. ಮೂರನೇ ದಿನ ಒಬ್ಬೊಬ್ಬರೇ ಒಳಗೆ ಬಂದು ಸಾಲಿನಲ್ಲಿ ಕೂತರು. ನಾನು ಯಾರನ್ನೂ ಕೇಳದೆ ಹಲಗೆಯ ಕೊನೆಯ ಸಾಲನ್ನು ಮತ್ತೆ ಬರೆದೆ. ಗುರುಸಂಗಪ್ಪ ಅದನ್ನು ನೋಡಿದ, ನೋಡದವನಂತೆ ಹೋದ. ಮೈದಾನದ ಒಳಗೆ ಅವನು ಕಾಲಿಡುತ್ತಿರಲಿಲ್ಲ.

ಕೊನೆಗೆ ಹುಲ್ಲು ಮೇಯಿಸಲು ಹಿಂಡು ಬಂತು. ಈ ಸಲ ಎಲ್ಲದರ ಉಣ್ಣೆ ಕತ್ತರಿಸಿದ್ದರು. ಕೆರೆಯಲ್ಲಿ ಒಂದೊಂದರ ಕಾಲನ್ನೂ ತೊಳೆದು, ಬೆಳಗಿನ ಹೊತ್ತು ಊರ ನಡುವಿನಿಂದಲೇ ತಂದರು. ಬೆತ್ತಲೆ ಮೈಯ, ತೊಳೆದ ಗೊರಸಿನ ಕುರಿಗಳು ಡಾಂಬರಿನ ಮೇಲೆ ಒದ್ದೆ ಹೆಜ್ಜೆ ಬಿಡುತ್ತ ಸದ್ದಿಲ್ಲದೆ ಸಾಗಿದವು. ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಸಂಜೆಯ ಹೊತ್ತಿಗೆ ಹುಲ್ಲು ಹಾಸಿದ ಹಾಗೆ ಸಮವಾಗಿತ್ತು. ಬಿದ್ದ ಹಿಕ್ಕೆಯನ್ನು ಆರಿಸಿ ತೆಗೆದರು. ಪರಿಶೀಲನೆಗೆ ಬಂದವರಿಗೆ ಸುಮಲತಾ ಟೀಚರು ನಿಯಮದ ಪುಸ್ತಕ ತೆರೆದು ತೋರಿಸಿದರು, ಅವರು ಒಪ್ಪಿಕೊಂಡರು.

ಕ್ರೀಡಾಕೂಟದ ದಿನ ಹಸಿರಿನ ಮೇಲೆ ಪಾಲಾಕ್ಷಪ್ಪನ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಮಕ್ಕಳು ಬಂದಿದ್ದರು. ಬರಿಗಾಲಿನವರೇ ಹೆಚ್ಚು. ಓಡುವಾಗ ಸದ್ದೇ ಆಗುತ್ತಿರಲಿಲ್ಲ, ಬರೀ ಉಸಿರು ಕೇಳಿಸುತ್ತಿತ್ತು. ಯಾರು ಗೆದ್ದರು ಎಂದು ಕೇಳಬೇಡಿ, ನನಗೆ ನೆನಪಿಲ್ಲ. ನನಗೆ ನೆನಪಿರುವುದು ಸುಂಕಪ್ಪ.

ಅವನು ಕಂಬಳಿ ಹೊದ್ದು ಓಟ ಮುಗಿಯುವ ಗೆರೆಯ ಹತ್ತಿರ ನಿಂತಿದ್ದ. ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ, ಬಹುಮಾನದ ಕಡೆಯೂ ನೋಡಲಿಲ್ಲ. ಓಡಿ ಮುಗಿಸಿದ ಮಕ್ಕಳನ್ನು ಒಬ್ಬೊಬ್ಬರನ್ನೇ ಹಿಡಿದು ನಿಲ್ಲಿಸಿ, "ಎಲ್ಲಿ, ಕಾಲು ಎತ್ತು" ಅನ್ನುತ್ತಿದ್ದ. ಬಗ್ಗಿ, ಪಾದ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅಂಗಾಲನ್ನೆಲ್ಲ ಸವರಿ ನೋಡುತ್ತಿದ್ದ. ಹಡಗಲಿಯ ಒಬ್ಬ ಹುಡುಗಿ, "ಅಜ್ಜಾ, ಕಚಗುಳಿ ಆಗ್ತೈತಿ ಬಿಡು" ಎಂದು ಬಿದ್ದು ಬಿದ್ದು ನಕ್ಕಳು. ಅವನು ನಗಲಿಲ್ಲ. ಅವಳ ಇನ್ನೊಂದು ಕಾಲನ್ನೂ ನೋಡಿಯೇ ಬಿಟ್ಟ. ಬೆಳಗಿನಿಂದ ನೂರಕ್ಕೂ ಹೆಚ್ಚು ಪಾದ ನೋಡಿದನೇನೋ. ಒಂದರಲ್ಲೂ ಮುಳ್ಳಿರಲಿಲ್ಲ.

ಆಮೇಲೆ ಅವನು ಪಾಲಾಕ್ಷಪ್ಪನನ್ನು ಕರೆದ. "ನಿಂದು ತೋರ್ಸು."

"ನನ್ನದೇನೈತಿ ಬಿಡು ಚಿಕ್ಕಪ್ಪ."

"ಕುಂಟ್ತಿ ನೀನು. ಬೆಳಗಿನಿಂದ ನೋಡಾಕ ಹತ್ತೀನಿ. ಕುಂಡ್ರು."

ಕೂರಿಸಿ, ಅವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ನಾನೂ ನೋಡಿದೆ. ಅಂಗಾಲಿನ ತುಂಬ ಕಪ್ಪು ಚುಕ್ಕೆ. ಒಳಗೆ ಮುರಿದು ಉಳಿದಿದ್ದ ನೆಗ್ಗಿಲ ಮುಳ್ಳುಗಳು. ಕೆಲವು ಕಡೆ ಬಾತು ಕೀವಾಗಿತ್ತು. ಆ ನೂರಾರು ಮಕ್ಕಳಿಗೆ ಚುಚ್ಚಬೇಕಾಗಿದ್ದದ್ದು ಇವನೊಬ್ಬನ ಕಾಲಲ್ಲಿ ಇತ್ತು. ಕ್ಯಾಮೆರಾ ಕೊರಳಲ್ಲೇ ಇತ್ತು, ಎತ್ತಲು ಆಗಲಿಲ್ಲ.

"ಎಷ್ಟು ಅದಾವಲೇ ಹುಚ್ಚಪ್ಪ" ಎಂದ ಸುಂಕಪ್ಪ. ಸೊಂಟದ ಚೀಲದಿಂದ ಕಬ್ಬಿಣದ ಚಿಮಟ ತೆಗೆದು ಒಂದೊಂದೇ ಕೀಳಲು ಶುರುಮಾಡಿದ.

ಆಗ ವೇದಿಕೆಯಿಂದ ಗುರುಸಂಗಪ್ಪ ಇಳಿದು ಬಂದ. ಕೈಯಲ್ಲಿ ನೀರು ತುಂಬಿದ ದೊಡ್ಡ ತಾಮ್ರದ ಚಂಬು. ನಮ್ಮ ಕಡೆ ಮನೆಗೆ ಬಂದ ನೆಂಟರಿಗೆ ಮೊದಲು ಕಾಲಿಗೆ ನೀರು ಕೊಡುತ್ತೇವೆ, ಮಾತು ಆಮೇಲೆ. ಅವನು ಅಂಥ ನೀರು ಕೊಟ್ಟದ್ದು ತನ್ನ ಸರಿಸಮರಿಗೆ ಮಾತ್ರ, ಅದೂ ಆಳಿನ ಕೈಯಲ್ಲಿ. ಈಗ ಜನರೆಲ್ಲ ನೋಡುತ್ತಿದ್ದಂತೆ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಬಂದ. ಬಿಳಿ ಧೋತ್ರದ ಸಮೇತ ಮಂಡಿಯೂರಿದ. ಪಾಲಾಕ್ಷಪ್ಪ ಗಾಬರಿಯಿಂದ ಕಾಲು ಎಳೆದುಕೊಳ್ಳಲು ಹೋದ. ಸುಂಕಪ್ಪ ಬಿಡಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡ.

ಗುರುಸಂಗಪ್ಪ ನೀರು ಹಾಕಿದ.

"ಮೆಲ್ಲಕ ಹಾಕ್ರಿ ಗೌಡ್ರ" ಎಂದ ಸುಂಕಪ್ಪ, ತಲೆ ಎತ್ತದೆ. "ಹುಡುಗಗ ಉರಿತೈತಿ."

ಗುರುಸಂಗಪ್ಪ ಎರಡೂ ಕೈಯಲ್ಲಿ ಚಂಬು ಹಿಡಿದು, ಮೆಲ್ಲಗೆ ಹಾಕಿದ.